ಬೆಳೆದರಂತೆ, ನೋಡಿ ಸ್ವಾಮಿ!

ಡಿಸೆಂಬರ್ ಬಂತು. ಕಲಾವಿದರೆಲ್ಲ ಬೆಳೆದು ನಿಂತಿದ್ದಾರೆ.

ಹೇಗೆ ಗೊತ್ತಾಯಿತು ಅಂತೀರಾ? ಅವರೇ ಬರೆದುಕೊಂಡಿದ್ದಾರೆ. 'ನನ್ನ ಕಲಾಪಯಣದಲ್ಲಿ ಇದೊಂದು ಸಾರ್ಥಕ ವರ್ಷ.' ಕೆಳಗೆ ಎಂಟು ಫೋಟೊ. ಏಳರಲ್ಲಿ ಕಲಾವಿದ, ಒಂದರಲ್ಲಿ ಚಿತ್ರ. ಆ ಒಂದರಲ್ಲೂ ಅರ್ಧ ಕ್ಯಾನ್ವಾಸಿಗೆ ಮಾನ್ಯ ಶಾಸಕರು ಅಡ್ಡ ನಿಂತಿದ್ದಾರೆ.

ಲೆಕ್ಕ ಓದಿ. ಆರು ಗ್ರೂಪ್ ಶೋ, ಎರಡು ಶಿಬಿರ, ಮೂರು ಸನ್ಮಾನ, ಒಂದು ಅಂತಾರಾಷ್ಟ್ರೀಯ ಪ್ರದರ್ಶನ. ಅಂತಾರಾಷ್ಟ್ರೀಯ ಅಂದರೆ ಗಾಬರಿಯಾಗಬೇಡಿ. ವಾಟ್ಸ್ಆ್ಯಪ್‌ನಲ್ಲಿ ಚಿತ್ರದ ಫೋಟೊ ಕಳಿಸಬೇಕು, ಫೋನ್‌ಪೇಯಲ್ಲಿ ಶುಲ್ಕ ಕಟ್ಟಬೇಕು, ಸಂಜೆಯೊಳಗೆ ಸರ್ಟಿಫಿಕೇಟ್ ಬರುತ್ತದೆ. ನೇಪಾಳದವರೊಬ್ಬರು, ದುಬೈನಲ್ಲಿರುವ ದಾವಣಗೆರೆಯವರೊಬ್ಬರು ಸೇರಿಕೊಂಡರೆ ಮೂರು ದೇಶವಾಯಿತು. ಚಿತ್ರಕ್ಕೆ ಪಾಸ್‌ಪೋರ್ಟ್ ಬೇಕಿಲ್ಲ. ಚಿತ್ರ ಬರೆದವರಿಗೆ ನಾಚಿಕೆ ಬೇಕಿಲ್ಲ.

ಈ ಉದ್ದನೆಯ ವರದಿಯಲ್ಲಿ ಒಂದು ಸಂಗತಿ ಮಾತ್ರ ಸಿಗುವುದಿಲ್ಲ. ಈ ವರ್ಷ ಕೈಗೆ ಹೊಸದಾಗಿ ಒಲಿದದ್ದೇನು? 'ಮಳೆಗಾಲದ ಹಸಿರು ಮೊನ್ನೆ ಮೊನ್ನೆವರೆಗೂ ಕೆಸರಾಗುತ್ತಿತ್ತು, ಈಗ ಬಂತು' ಅಂತ ಒಬ್ಬರಾದರೂ ಬರೆದಿದ್ದಾರಾ? 'ಬೆರಳು ಬರೆಯಲು ನನಗಿನ್ನೂ ಬಾರದು, ಅದಕ್ಕೇ ನನ್ನ ಚಿತ್ರದ ಹೆಂಗಸರೆಲ್ಲ ಸೆರಗಿನೊಳಗೆ ಕೈ ಬಚ್ಚಿಟ್ಟುಕೊಂಡಿದ್ದಾರೆ' ಅಂತ? ಇಲ್ಲವೇ ಇಲ್ಲ. ಬೆಳವಣಿಗೆ ಅಂದರೆ ಶಾಲುಗಳ ಬೆಳವಣಿಗೆ. ಬೀರುವೇ ಸಾಕ್ಷಿ.

ಹಿಂದಿನವರು ಹೇಗೆ ಕಲಿತರು ನೋಡಿ. ಉಡುಪಿ ಹತ್ತಿರದ ಕಟ್ಟಿಂಗೇರಿಯಿಂದ ಮುಂಬೈಗೆ ಹೋದ ಚಿತ್ರಕಾರ ಕೆ.ಕೆ. ಹೆಬ್ಬಾರರು ಜೆ.ಜೆ. ಕಲಾಶಾಲೆಯಲ್ಲಿ ಮೇಷ್ಟ್ರಾಗಿದ್ದವರು. ಅಂಥವರು ಕಥಕ್ ಕಲಿಯಲು ಕೂತರು. ವೇದಿಕೆ ಹತ್ತುವ ಚಪಲಕ್ಕಲ್ಲ. ತಮ್ಮ ರೇಖೆಗೆ ಲಯ ಬೇಕಿತ್ತು. ಪಾಠ ಹೇಳಿದ ಮನುಷ್ಯ ಮತ್ತೆ ವಿದ್ಯಾರ್ಥಿಯಾದ. ಅವರ ನಾಲ್ಕು ಗೆರೆ ನೋಡಿ, ಆ ಕಲಿಕೆ ಎಲ್ಲಿ ಹೋಯಿತೆಂದು ಯಾರೂ ವಿವರಿಸಬೇಕಿಲ್ಲ. ನಮ್ಮವರೂ ಕುಣಿಯುತ್ತಾರೆ. ರೀಲ್ಸ್‌ಗಾಗಿ. ಗೆರೆ ಮಾತ್ರ ಕಾಲೇಜು ಬಿಟ್ಟ ದಿನ ಎಲ್ಲಿತ್ತೋ ಅಲ್ಲೇ ಕೂತಿದೆ.

ಇನ್ನು ಚಿತ್ರಕಾರ ಕೆ. ವೆಂಕಟಪ್ಪನವರು. ಕಲ್ಕತ್ತೆಯಲ್ಲಿ ಅವನೀಂದ್ರನಾಥ ಟ್ಯಾಗೋರರ ಕೈಕೆಳಗೆ ಪಳಗಿ ಬಂದವರು. ಸಾಲದೆಂದು ವೀಣೆ ಶೇಷಣ್ಣನವರ ಬಳಿ ವೀಣೆ ಕಲಿತರು. ಊಟಿಯ ಬೆಟ್ಟ, ಮಂಜು, ಬೆಳಕನ್ನು ಜಲವರ್ಣದಲ್ಲಿ ಹಿಡಿದರು. ಬೆಂಗಳೂರಿನಲ್ಲಿ ಅವರ ಹೆಸರಿನ ಗ್ಯಾಲರಿಯನ್ನು ಖಾಸಗಿ ಪ್ರತಿಷ್ಠಾನವೊಂದಕ್ಕೆ ದತ್ತು ಕೊಡಲು ಸರ್ಕಾರ ಹೊರಟಾಗ, 2016ರಲ್ಲಿ ಕಲಾವಿದರು ಬೀದಿಗಿಳಿದರು. ಸರಿಯಾಗೇ ಮಾಡಿದರು, ಅದಕ್ಕೆ ನನ್ನದೂ ಜೈ. ಆದರೆ ಒಂದು ಮಾತು ಕೇಳುತ್ತೇನೆ. ಅಲ್ಲಿ ಬಾಡಿಗೆ ಕಟ್ಟಿ ತಮ್ಮ ಚಿತ್ರ ತೂಗುಹಾಕಿದ ಎಷ್ಟು ಜನ ವೆಂಕಟಪ್ಪನವರ ಊಟಿಯ ಮುಂದೆ ಹತ್ತು ನಿಮಿಷ ನಿಂತಿದ್ದಾರೆ? ಪರಂಪರೆ ಉಳಿಯಬೇಕು. ನೋಡಲೇಬೇಕೆಂಬ ಕಡ್ಡಾಯವಿಲ್ಲ.

2025ರ ಮಾರ್ಚಿನಲ್ಲಿ ಚಾಟ್‌ಜಿಪಿಟಿ ಊರಿನವರ ಮುಖವನ್ನೆಲ್ಲ ಘಿಬ್ಲಿ ಕಾರ್ಟೂನ್ ಶೈಲಿಗೆ ತಿರುಗಿಸಿತು. ಕಲಾವಿದರು ಸಿಡಿದೆದ್ದರು. 'ಯಂತ್ರ ನಮ್ಮ ಬೆವರನ್ನು ಕದಿಯುತ್ತಿದೆ!' ಸಿಟ್ಟು ನ್ಯಾಯವಾದದ್ದೇ. ಹಾಗೆ ಕೂಗಿದವರಲ್ಲೇ ಕೆಲವರ ಕೋಣೆಯಲ್ಲಿ ಒಂದು ಪ್ರೊಜೆಕ್ಟರ್ ಇದೆ. ಪಿಂಟರೆಸ್ಟ್‌ನಿಂದ ಇಳಿಸಿದ ಫೋಟೊವನ್ನು ಅದು ಕ್ಯಾನ್ವಾಸ್ ಮೇಲೆ ಬೀಳಿಸುತ್ತದೆ, ಕಲಾವಿದರು ಗೆರೆ ತಿದ್ದುತ್ತಾರೆ. ಯಂತ್ರ ಎತ್ತಿದರೆ ಕಳ್ಳತನ. ತಾವು ಎತ್ತಿದರೆ ಪ್ರೇರಣೆ.

ಚಿತ್ರದ ಕೆಳಗೆ ಅವರು ಬರೆಯುವ ಟಿಪ್ಪಣಿಗಳಂತೂ ಇನ್ನೂ ಸೊಗಸು. 'ಬಂಡವಾಳಶಾಹಿ ಮಾರುಕಟ್ಟೆಗೆ ನನ್ನ ಕುಂಚದ ಪ್ರತಿರೋಧ.' ಅದರ ಕೆಳಗೇ 'ಬೆಲೆಗೆ ಇನ್‌ಬಾಕ್ಸ್‌ಗೆ ಬನ್ನಿ.' ಪ್ರತಿರೋಧದ ವಸ್ತು ಏನು? ಮುಖ ತಗ್ಗಿಸಿದ ಬುದ್ಧ, ಎಲೆಯಲ್ಲಿ ಗಣಪತಿ, ವಾಸ್ತುವಿಗೆ ಒಳ್ಳೆಯದೆಂದು ಓಡುವ ಏಳು ಕುದುರೆ. ಹೊಟ್ಟೆಪಾಡು, ಬಿಡಿ. ಕುದುರೆ ಬರೆದು ಅಕ್ಕಿ ತರುವುದರಲ್ಲಿ ತಪ್ಪಿಲ್ಲ. ಆದರೆ ಅದೇ ಕುದುರೆಗಳು ವರ್ಷಗಟ್ಟಲೆ ಅದೇ ಕಾಲು ಎತ್ತಿಕೊಂಡು ಓಡುತ್ತಿವೆ. ಅದನ್ನು ಪಯಣ ಅನ್ನಬೇಡಿ.

ಇದನ್ನೆಲ್ಲ ಅವರಿಗೆ ಹೇಳುವವರಾದರೂ ಯಾರು? ಪ್ರತಿ ಚಿತ್ರದ ಕೆಳಗೆ 'ಅದ್ಭುತ ಸರ್', 'ಸೂಪರ್ ಮೇಡಂ', ಕೈಮುಗಿದ ಚಿಹ್ನೆ. ನೀನು ನನ್ನದಕ್ಕೆ ಅದ್ಭುತ ಅನ್ನು, ನಾನು ನಿನ್ನದಕ್ಕೆ ಅನ್ನುತ್ತೇನೆ. ಮದುವೆ ಮನೆಯ ಮುಯ್ಯಿ ಇದು, ತಿರುಗಿ ಬಂದೇ ಬರುತ್ತದೆ. 'ಈ ಮೂಲೆ ಸತ್ತಿದೆ, ಒರೆಸಿ ಇನ್ನೊಮ್ಮೆ ಬರಿ' ಅಂದವನ ಗತಿ ಗೊತ್ತಲ್ಲ? ಮುಂದಿನ ಶಿಬಿರಕ್ಕೆ ಕರೆಯಿಲ್ಲ.

ಸರ್ಕಾರವೂ ಹಿಂದೆ ಬಿದ್ದಿಲ್ಲ. ಎಷ್ಟನೇ ರಾಜ್ಯೋತ್ಸವವೋ ಅಷ್ಟು ರಾಜ್ಯೋತ್ಸವ ಪ್ರಶಸ್ತಿ. 2024ರಲ್ಲಿ 69, 2025ರಲ್ಲಿ 70. ಸಾಧಕರು ಹುಟ್ಟಲಿ ಬಿಡಲಿ, ಪ್ರಶಸ್ತಿ ವರ್ಷಕ್ಕೊಂದು ಹುಟ್ಟುತ್ತದೆ. ಅತ್ತ ಸರ್ಕಾರಿ ಶಾಲೆಗಳಲ್ಲಿ ಡ್ರಾಯಿಂಗ್ ಮೇಷ್ಟ್ರ ಕುರ್ಚಿಗಳು ಖಾಲಿ. ಮಗುವಿಗೆ ಗೆರೆ ಹಿಡಿಯಲು ಕಲಿಸುವವರಿಲ್ಲ. ಶಾಲೆಯ ಕಾಂಪೌಂಡಿಗೆ ಮಾತ್ರ ಸ್ವಚ್ಛ ಭಾರತದ ಕನ್ನಡಕ ಬರೆಸಿದ್ದಾರೆ. ಗಾಂಧೀಜಿಗಾದರೂ ಖಾಲಿ ಕುರ್ಚಿ ಕಾಣಲಿ ಅಂತಿರಬೇಕು.

ನಾವು ನೋಡುಗರೇನು ಸಾಚಾಗಳೇ? ಬೆಂಗಳೂರಿನ ಚಿತ್ರಕಲಾ ಪರಿಷತ್ತು 2003ರಿಂದ ಚಿತ್ರಸಂತೆ ನಡೆಸುತ್ತಿದೆ. ಜನವರಿಯ ಒಂದು ಭಾನುವಾರ ಕುಮಾರಕೃಪಾ ರಸ್ತೆಯಲ್ಲಿ ಸಾವಿರಕ್ಕೂ ಹೆಚ್ಚು ಕಲಾವಿದರು ಬಿಸಿಲಿನಲ್ಲಿ ಕೂರುತ್ತಾರೆ. ನಾವು ಕಾರ್ನ್ ತಿನ್ನುತ್ತಾ ಹೋಗಿ ಕೇಳುವ ಪ್ರಶ್ನೆ ಎರಡೇ. 'ಸೋಫಾ ಬಣ್ಣಕ್ಕೆ ಹೊಂದುತ್ತಾ?' 'ಲಾಸ್ಟ್ ಎಷ್ಟು?' ಪಿಜ್ಜಾದವನ ಹತ್ತಿರ ತುಟಿ ಬಿಚ್ಚದ ನಾವು ಇಲ್ಲಿ ಇನ್ನೂರು ರೂಪಾಯಿಗೆ ಅರ್ಧ ಗಂಟೆ ಜಗ್ಗಾಡುತ್ತೇವೆ. ಏಳು ಕುದುರೆಗಳಿಗೆ ಮೇವು ಹಾಕಿ ಸಾಕಿದವರು ನಾವೇ.

ಈ ಸಲ ಸಂತೆಗೆ ಹೋದರೆ ದಯವಿಟ್ಟು ಬೇರೆ ಪ್ರಶ್ನೆ ಕೇಳಿ. 'ಈ ವರ್ಷ ಬರೆದು ಹರಿದು ಹಾಕಿದ್ದು ಯಾವುದು, ಯಾಕೆ ಹರಿದಿರಿ?' ಬಹಳ ಜನ ನಿಮ್ಮನ್ನು ಕೆಕ್ಕರಿಸಿ ನೋಡುತ್ತಾರೆ, ಮುಂದೆ ಹೋಗಿ. ಎಲ್ಲೋ ಒಬ್ಬರು ತಡವರಿಸುತ್ತಾ ಹೇಳಲು ಶುರು ಮಾಡುತ್ತಾರೆ. ಅಲ್ಲೇ ನಿಂತು ಪೂರ್ತಿ ಕೇಳಿ, ಕೈಲಾದರೆ ಒಂದು ಚಿತ್ರ ಕೊಳ್ಳಿ. ಚೌಕಾಸಿ ಮಾಡಬೇಡಿ.