ಮಂಡಿ ಪಂಡಿತರು

ನಮ್ಮ ಬಡಾವಣೆಯ ರಾಯರಿಗೆ ಎರಡೂ ಮಂಡಿ ಸವೆದಿವೆ. ನಾಲಿಗೆ ಮಾತ್ರ ಸವೆದಿಲ್ಲ. ಬಲ ಮಂಡಿಯ ಆಪರೇಷನ್‌ಗೆ ದಿನ ಗೊತ್ತಾಗಿ, ಆರು ವಾರ ಬಾಕಿ ಇತ್ತು. "ಅಷ್ಟರಲ್ಲಿ ಮೈ ಹದ ಮಾಡಿಕೊಳ್ಳಿ. ತೊಡೆ ಗಟ್ಟಿಯಿದ್ದಷ್ಟೂ ಬೇಗ ಓಡಾಡ್ತೀರಿ" ಎಂದು ಡಾಕ್ಟರು ಹೇಳಿ ಕಳಿಸಿದರು. ರಾಯರು ಬ್ಯಾಂಕ್ ಮ್ಯಾನೇಜರಾಗಿ ನಿವೃತ್ತರಾದವರು. ಅವರ ಪಾಲಿಗೆ ತಯಾರಿ ಎಂದರೆ ಫೈಲು. ಮಾರನೇ ದಿನವೇ ಹೊಸ ಫೈಲು ಬಂತು. ಎಕ್ಸ್‌ರೇ, ಇಸಿಜಿ, ರಕ್ತ, ಮೂತ್ರ, ಎಲ್ಲಕ್ಕೂ ಒಂದೊಂದು ಬಣ್ಣದ ಚೀಟಿ.

ಸಂಜೆ ಪಾರ್ಕಿನ ಕಲ್ಲುಬೆಂಚಿನ ಮೇಲೆ ಆ ಫೈಲು ಬಿಚ್ಚಿಕೊಳ್ಳುತ್ತಿತ್ತು. ವಾಜಪೇಯಿಯವರ ಎಡ ಮಂಡಿ 2000ದಲ್ಲಿ, ಬಲ ಮಂಡಿ 2001ರಲ್ಲಿ ಬದಲಾದದ್ದು, ಎರಡೂ ಮುಂಬೈನ ಬ್ರೀಚ್ ಕ್ಯಾಂಡಿ ಆಸ್ಪತ್ರೆಯಲ್ಲೇ ಆದದ್ದು, ಮಾಡಿದವರು ನ್ಯೂಯಾರ್ಕಿನ ಡಾಕ್ಟರ್ ರಾಣಾವತ್ ಎಂಬುದು ಮೊದಲ ಅಧ್ಯಾಯ. 2017ರ ಆಗಸ್ಟ್‌ನಲ್ಲಿ ಸರ್ಕಾರ ಕೃತಕ ಮಂಡಿಯ ಬೆಲೆಗೆ ಮೂಗುದಾರ ಹಾಕಿದ್ದು, ಒಂದೂವರೆ ಲಕ್ಷ ದಾಟಿದ್ದ ಕೋಬಾಲ್ಟ್ ಕ್ರೋಮ್ ಮಂಡಿ ತೆರಿಗೆ ಬಿಟ್ಟು 54,720 ರೂಪಾಯಿಗೆ ಇಳಿದದ್ದು ಎರಡನೆಯದು. ಕೇಳುವವರು ಯಾರೂ ನಡುವೆ ಎದ್ದು ಹೋಗುತ್ತಿರಲಿಲ್ಲ. ಏಳೋಣವೆಂದರೆ ಅವರ ಮಂಡಿಯೂ ಬಿಡಬೇಕಲ್ಲ!

ಐದು ಕಿಲೋ ತೂಕ ಇಳಿಸಲು ಡಾಕ್ಟರು ಹೇಳಿದ್ದರು. ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಭಾರ ಸುಮಾರು ನಾಲ್ಕು ಕಿಲೋ ಕಮ್ಮಿಯಾಗುತ್ತದೆ. ರಾಯರು ಪೆನ್ನು ತೆಗೆದರು. "ಐದು ನಾಲ್ಕಲಿ ಇಪ್ಪತ್ತು. ಮನೆಯಿಂದ ಪಾರ್ಕಿಗೆ ಸಾವಿರ ಹೆಜ್ಜೆ. ಇಪ್ಪತ್ತು ಟನ್ ಉಳಿತಾಯ ಕಣ್ರೀ!" ಅಷ್ಟೊಂದು ಉಳಿಸಿದ ಸಮಾಧಾನಕ್ಕೆ ಅಂದು ದರ್ಶಿನಿಯಲ್ಲಿ ಮಸಾಲೆ ದೋಸೆಯ ಜೊತೆಗೆ ಒಂದು ಪ್ಲೇಟ್ ವಡೆಯನ್ನೂ ಹೇಳಿದರು.

ಸಕ್ಕರೆಯದು ಬೇರೆ ಕಥೆ. ಎಚ್‌ಬಿಎ1ಸಿ ಎಂಟರೊಳಗೆ ಬರದೆ ಚಾಕು ಮುಟ್ಟುವುದಿಲ್ಲ ಎಂದು ಡಾಕ್ಟರು ಖಡಾಖಂಡಿತ ಹೇಳಿದ್ದರು. ಸಕ್ಕರೆ ಏರಿದ್ದರೆ ಗಾಯ ಮಾಯದೆ ಸೋಂಕಾಗುವ ಭಯ. ಆಡಿಟ್‌ನ ಹಿಂದಿನ ರಾತ್ರಿ ಲೆಡ್ಜರು ಸರಿಪಡಿಸುವವರಂತೆ ರಾಯರು ಪರೀಕ್ಷೆಗೆ ಎರಡು ದಿನ ಮುಂಚಿನಿಂದ ಬರೀ ಸೌತೆಕಾಯಿ ತಿಂದರು. ಆದರೆ ಈ ಪರೀಕ್ಷೆ ಎರಡು ಮೂರು ತಿಂಗಳ ಹಿಂದಿನ ಹೋಳಿಗೆಯನ್ನೂ ಹಿಡಿದು ನಿಲ್ಲಿಸುವಂಥದ್ದು. 8.4 ಬಂತು. "ಲ್ಯಾಬ್ ಸರಿಯಿಲ್ಲ" ಎಂದು ಫೈಲಿನಲ್ಲಿ ಟಿಪ್ಪಣಿ ಬಿತ್ತು.

"ಸಿಗರೇಟು ಸೇದ್ತೀರಾ?" ಎಂದು ಕೇಳಿದಾಗ "ಈ ಜನ್ಮದಲ್ಲಿ ಮುಟ್ಟಿಲ್ಲ" ಎಂದು ಎದೆಯುಬ್ಬಿಸಿದ್ದರು. ನಶ್ಯದ ವಿಷಯ ಯಾರೂ ಕೇಳಿರಲಿಲ್ಲ. ಹೊಗೆಯಲ್ಲಿರಲಿ ಪುಡಿಯಲ್ಲಿರಲಿ, ನಿಕೋಟಿನ್ ರಕ್ತನಾಳಗಳನ್ನು ಬಿಗಿಸಿ ಗಾಯ ಮಾಯುವುದನ್ನು ತಡಮಾಡುತ್ತದೆ. ಇದನ್ನು ಬೆಂಚಿನವರಿಗೆ ಸೊಗಸಾಗಿ ವಿವರಿಸಿದವರೂ ರಾಯರೇ, ಡಬ್ಬಿಯ ಮುಚ್ಚಳದ ಮೇಲೆ ಬೆರಳಿಂದ ತಾಳ ಹಾಕುತ್ತ.

ಇನ್ನು ವ್ಯಾಯಾಮ. ಫಿಸಿಯೋ ಹುಡುಗಿ ಮನೆಗೇ ಬಂದು ಹೇಳಿಕೊಟ್ಟಳು. ಟವೆಲ್ ಸುತ್ತಿ ಮಂಡಿಯ ಕೆಳಗಿಟ್ಟು, ಅದನ್ನು ಮಂಡಿಯಿಂದಲೇ ಹಾಸಿಗೆಗೆ ಒತ್ತಿ ಐದು ಎಣಿಸುವ ತನಕ ಹಿಡಿಯಬೇಕು, ಹತ್ತು ಸಲ. ಆಮೇಲೆ ಕಾಲು ನೆಟ್ಟಗೆ ಚಾಚಿ ಒಂದು ಗೇಣು ಎತ್ತಿ ಹಿಡಿಯಬೇಕು. ಕೈಯಿರುವ ಕುರ್ಚಿಯಲ್ಲಿ ಕೂತು ಅಂಗೈ ಊರಿ ಮೈ ಎತ್ತಬೇಕು; ನಾಳೆ ವಾಕರ್ ಹಿಡಿಯುವ ತೋಳಿಗೆ ಬಲ ಬೇಕಲ್ಲ. ರಾಯರು ಎಲ್ಲವನ್ನೂ ಬರೆದುಕೊಂಡರು. ಅವಳು ಅತ್ತ ಹೋದದ್ದೇ ಒಳಗೆ ಕೂಗಿದರು: "ಲೇ, ಬಾ ಇಲ್ಲಿ, ಮಲಕ್ಕೋ. ನಿನಗೆ ಹೇಳಿಕೊಟ್ಟರೆ ನನಗೂ ಮರೆಯಲ್ಲ."

ಅಂದಿನಿಂದ ಬೆಳಿಗ್ಗೆ ಸಂಜೆ ಮನೆಯವರು ಮಲಗುವುದು, ರಾಯರು ಕುರ್ಚಿಯಲ್ಲಿ ಕೂತು ಎಣಿಸುವುದು. "ಮೂರು" ಎನ್ನುವಾಗ ಫೋನು ಬಂದರೆ, ವಾಜಪೇಯಿಯವರ ಎರಡೂ ಮಂಡಿಯ ಕಥೆ ಮುಗಿಯುವವರೆಗೆ ಆಕೆ ಎತ್ತಿದ ಕಾಲನ್ನು ಇಳಿಸುವ ಹಾಗಿಲ್ಲ. ಆಕೆಯ ಮಂಡಿಯೂ ಮೆಟ್ಟಿಲು ಹತ್ತುವಾಗ ಲಟಲಟ ಎನ್ನುತ್ತಿತ್ತು. ಅದಕ್ಕೆ ಯಾರೂ ಫೈಲು ಮಾಡಿರಲಿಲ್ಲ, ಅಷ್ಟೆ.

ಆಪರೇಷನ್‌ಗೆ ವಾರವಿದೆ ಎನ್ನುವಾಗ ಫಿಸಿಯೋ ಹುಡುಗಿ ಮತ್ತೆ ಬಂದಳು. "ಅಂಕಲ್, ಕೈ ಊರದೆ ಕುರ್ಚಿಯಿಂದ ಏಳಿ ನೋಡೋಣ." ರಾಯರು ತೊಡೆಯ ನಾಲ್ಕು ಸ್ನಾಯುಗಳ ಹೆಸರು ಹೇಳಿ, ಅರ್ಧ ಎದ್ದು, ಅಲ್ಲಿಂದಲೇ ಹಿಂದಿರುಗಿದರು. ಅಷ್ಟರಲ್ಲಿ ಗಿಡ್ಡ ಸ್ಟೂಲಿನ ಮೇಲೆ ಕೂತಿದ್ದ ಮನೆಯವರು ಎರಡೂ ಕೈಯಲ್ಲಿ ಕಾಫಿ ತಟ್ಟೆ ಹಿಡಿದು ಸಲೀಸಾಗಿ ಎದ್ದರು. ಲೋಟದಿಂದ ಒಂದು ಹನಿ ಚೆಲ್ಲಲಿಲ್ಲ.

"ಆಂಟಿ, ಆಪರೇಷನ್ ನಿಮಗಾ?"

"ಇಲ್ಲಮ್ಮ, ಅವರಿಗೆ. ನನ್ನದು ಅಭ್ಯಾಸ ಮಾತ್ರ."

ಸಕ್ಕರೆ ಎಂಟರ ಕೆಳಗೆ ಇಳಿಯದ್ದರಿಂದ ತಾರೀಕು ಮುಂದಕ್ಕೆ ಹೋಯಿತು. ರಾಯರಿಗೆ ಬೇಸರವೇನೂ ಆಗಲಿಲ್ಲ. "ನನ್ನ ಟ್ರೇನಿಂಗ್ ಹೇಗಿದೆ ಅಂತ ನಮ್ಮ ಮನೆಯವಳನ್ನೇ ನೋಡಿ" ಎಂದು ಪಾರ್ಕಿನಲ್ಲಿ ಸಾರಿದರು. ಮರುದಿನ ಬೆಳಿಗ್ಗೆ ಬೆಂಚಿನ ಇಬ್ಬರು ಟವೆಲ್ ಸಮೇತ ಮನೆ ಬಾಗಿಲಿಗೆ ಬಂದರು. ಮನೆಯವರು ಒಳಗಿಂದ ಚಾಪೆ ತಂದು ಹಾಸಿ, ರಾಯರು ಕೂರಲಿದ್ದ ಕುರ್ಚಿಯನ್ನು ತಮ್ಮ ಕಡೆಗೆ ಎಳೆದುಕೊಂಡರು.

"ಎಲ್ಲರೂ ಬನ್ನಿ. ಆದರೆ ಇವತ್ತು ಎಣಿಸೋಳು ನಾನು. ರೀ, ಮೊದಲು ನೀವು ಮಲಗಿ. ಫೋನು ಇತ್ತ ಕೊಡಿ."