ಕರಿಕೋಟು ಹೊಲಿಸೋಕೆ ಮುಂಚೆನೇ ಕೇಸು

ನಿಜ ಹೇಳಿ, ಲಾ ಕಾಲೇಜಿಗೆ ಸೇರಿದ ಮೇಲೆ ಎಷ್ಟು ಜನಕ್ಕೆ "ಕನ್ಸ್ಯೂಮರ್ ಕೋರ್ಟಿಗೆ ಎಳೀತೀನಿ" ಅಂತ ಅವಾಜ್ ಹಾಕಿದ್ದೀರಿ? ಬೇಕರಿಯವನಿಗೆ? ಕೊರಿಯರ್ ಹುಡುಗನಿಗೆ? ಪಿಜಿ ಆಂಟಿಗೆ? ("ಎಳಿಯಪ್ಪ, ಮೊದಲು ಈ ತಿಂಗಳ ಬಾಡಿಗೆ ಕೊಡು" ಅಂತ ಆಂಟಿ ಅಂದಿದ್ದನ್ನ ನಾನ್ಯಾರಿಗೂ ಹೇಳಲ್ಲ ಬಿಡಿ.) ಕಾಂಟ್ರ್ಯಾಕ್ಟು, ಸಿಪಿಸಿ ಎಲ್ಲ ಕೂತು ಓದ್ತೀರಿ. ಗ್ರಾಹಕರ ಕಾಯ್ದೆ ಮಾತ್ರ ಹುಟ್ಟಿದಾಗಿಂದ ಗೊತ್ತು, ಅಲ್ವಾ?

ಹೋಟೆಲಲ್ಲಿ ಇಪ್ಪತ್ತು ರೂಪಾಯಿ ನೀರಿನ ಬಾಟ್ಲಿಗೆ ನಲವತ್ತು ಹಾಕಿದಾಗ ನಿಮ್ಮ ಗತ್ತು ನೋಡ್ಬೇಕು! ಫ್ರೆಂಡ್ಸ್ ಎದುರು ಬಿಲ್ಲು ಎತ್ತಿ ಹಿಡಿದು, "ಎಂಆರ್‌ಪಿ ಅಂದ್ರೇನು ಗೊತ್ತೇನ್ರೀ?" ಅಂತೀರಿ. ಮ್ಯಾನೇಜರು ಪಾಪ, ಗಲಾಟೆ ಬೇಡ ಅಂತ ಇಪ್ಪತ್ತು ಕಳೀತಾನೆ. ನೀವು ಕೇಸೇ ಗೆದ್ದವರ ಥರ ಸೋಂಪು ಜಗೀತಾ ಹೊರಗೆ ಬರ್ತೀರಿ.

ಅವನಿಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. 2017ರ ಡಿಸೆಂಬರಲ್ಲೇ ಸುಪ್ರೀಂ ಕೋರ್ಟ್ ಹೇಳಿಬಿಟ್ಟಿದೆ: ಹೋಟೆಲಿನವರು ಬರೀ ನೀರು ಮಾರಲ್ಲ, ಕೂರಿಸಿ ಉಪಚಾರನೂ ಮಾಡ್ತಾರೆ, ಹಾಗಾಗಿ ಎಂಆರ್‌ಪಿಗಿಂತ ಹೆಚ್ಚು ತಗೋಬಹುದು ಅಂತ. (ಬೀದಿ ಕೊನೆ ಅಂಗಡಿಯವನು ಹೆಚ್ಚು ಕೇಳಿದ್ರೆ ಜಗಳಕ್ಕಿಳೀರಿ, ನಾನೂ ಬರ್ತೀನಿ.)

ಇನ್ನು ಆ ಶರ್ಟಿನ ವಿಷಯ. "ಒಮ್ಮೆ ಮಾರಿದ ಮಾಲು ವಾಪಸ್ ಇಲ್ಲ" ಅನ್ನೋ ಬೋರ್ಡಿಗೆ ಬೆಲೆ ಇಲ್ಲ ಅಂತ ಎಲ್ಲೋ ಕೇಳಿದ್ದೀರಿ. ಅರ್ಧ ಸರಿ. 2019ರ ಕಾಯ್ದೆ ಪ್ರಕಾರ ದೋಷ ಇರೋ ಮಾಲನ್ನ ಬಿಲ್ಲಲ್ಲಿ ಹೇಳಿದ ಅವಧಿಯೊಳಗೆ ವಾಪಸ್ ತಗೋಬೇಕು, ಬಿಲ್ಲಲ್ಲಿ ಏನೂ ಇಲ್ಲದಿದ್ರೆ 30 ದಿನದೊಳಗೆ. ಆದ್ರೆ ಆ ಗಿಳಿಹಸಿರು ನಿಮಗೆ ಒಪ್ಪಲಿಲ್ಲ ಅನ್ನೋದು ಶರ್ಟಿನ ದೋಷ ಅಲ್ಲ ಸ್ವಾಮಿ!

ಕೆಟ್ಟ ಚಾರ್ಜರಿಗೆ ಮೂರು ಕೋಟಿ ಪರಿಹಾರ ಕೇಳಿ ಸೀದಾ ದಿಲ್ಲಿಗೇ ಹೋಗೋಣ ಅಂತಿದ್ರಿ, ಅಲ್ವಾ? ಆಗಲ್ಲ. ಈಗ ಲೆಕ್ಕ ನೀವು ಕೇಳೋ ಪರಿಹಾರದ ಮೇಲಲ್ಲ, ಅಂಗಡಿಯಲ್ಲಿ ಎಣಿಸಿದ ದುಡ್ಡಿನ ಮೇಲೆ. ಜಿಲ್ಲಾ ಆಯೋಗದ ಮಿತಿ ಎಷ್ಟು, ಹೇಳಿ ನೋಡೋಣ. ಒಂದು ಕೋಟಿನಾ? ಕಾಯ್ದೆಯಲ್ಲಿ ಹಾಗೇ ಇದೆ, ಆದ್ರೆ 2021ರ ನಿಯಮದಲ್ಲಿ ಅದು 50 ಲಕ್ಷಕ್ಕೆ ಇಳೀತು. (ಹಳೇ ಗೈಡಿಗೆ ಅದು ಗೊತ್ತಾಗೋದು ಹೇಗೆ? ಸೀನಿಯರ್ ಅರ್ಧ ಬೆಲೆಗೆ ಕೊಟ್ಟಾಗಲೇ ಅನುಮಾನ ಬರಬೇಕಿತ್ತು.)

ಆ ಉತ್ತರಕ್ಕೆ ಮಾರ್ಕ್ಸ್ ಹೋಯ್ತು ಅಂತ ಯೂನಿವರ್ಸಿಟಿ ಮೇಲೇ ಗ್ರಾಹಕರ ದೂರು ಹಾಕ್ತೀರಾ? ಅಲ್ಲೂ ಬಾಗಿಲು ಹಾಕಿದೆ. ಪರೀಕ್ಷೆ ನಡೆಸೋದು ಸೇವೆ ಅಲ್ಲ, ಪರೀಕ್ಷೆ ಬರೆಯೋನು ಗ್ರಾಹಕ ಅಲ್ಲ ಅಂತ ಸುಪ್ರೀಂ ಕೋರ್ಟ್ 2009ರಲ್ಲೇ ಹೇಳಿದೆ.

ಮುಖ ಸಣ್ಣ ಮಾಡ್ಕೋಬೇಡಿ, ಸಿಹಿ ಸುದ್ದಿನೂ ಇದೆ. ಡಾಕ್ಟರುಗಳನ್ನ 1995ರಲ್ಲೇ ಈ ಕಾಯ್ದೆಯೊಳಗೆ ತಂದ ಸುಪ್ರೀಂ ಕೋರ್ಟು, 2024ರ ಮೇ ತಿಂಗಳಲ್ಲಿ ವಕೀಲರನ್ನ ಮಾತ್ರ ಹೊರಗೇ ಇಟ್ಟಿತು. ನಾಳೆ ನಿಮ್ಮ ವಾದ ಎಷ್ಟೇ ಕೆಟ್ಟದಾಗಿರಲಿ, ಕಕ್ಷಿದಾರ ನಿಮ್ಮನ್ನ ಗ್ರಾಹಕರ ಆಯೋಗಕ್ಕೆ ಎಳೆಯೋ ಹಾಗಿಲ್ಲ. ನೋಡಿ, ನಗು ಬಂತು!

ಸ್ವಲ್ಪ ತಡೀರಿ. ಇಲ್ಲಿ ದೂರುದಾರರಿಗೆ ವಕೀಲರು ಬೇಕೇ ಬೇಕು ಅಂತಿಲ್ಲ, ಅವರೇ ವಾದ ಮಾಡಬಹುದು. ಕೊಟ್ಟ ದುಡ್ಡು 5 ಲಕ್ಷದೊಳಗಿದ್ರೆ ಶುಲ್ಕನೂ ಇಲ್ಲ, ವಾಸ ಇರೋ ಜಿಲ್ಲೆಯಲ್ಲೇ ಹಾಕಬಹುದು. ಕೆಟ್ಟ ಫ್ರಿಜ್ಜಿನ ಬಗ್ಗೆ ನಿಮ್ಮ ಚಿಕ್ಕಮ್ಮ ಅವತ್ತು ಫೋನಲ್ಲಿ ಕೇಳಿದಾಗ ಇದನ್ನೆಲ್ಲ ಹೇಳಿದ್ರಾ? ಇಲ್ಲ, "ನಾನು ಸನ್ನದು ತಗೊಳ್ಳಲಿ ಚಿಕ್ಕಮ್ಮ, ನಾನೇ ನೋಡ್ಕೋತೀನಿ, ಮೂರು ವರ್ಷ ಟೈಮಿದೆ" ಅಂದ್ರಿ.

ಮೂರಲ್ಲ ಕಣ್ರೀ, ಎರಡು! ಫ್ರಿಜ್ಜು ಕೆಟ್ಟು ಎಷ್ಟು ದಿನ ಆಯ್ತು? ಮೊದಲು ಫೋನ್ ಮಾಡಿ ಅವರಿಗೆ.