ಅಡಿಕೆ ಸೀಮೆಯಲ್ಲಿ ತೊಗಲಿನ ಚೀಲ

ತೊಗಲಿನ ಚೀಲ, ಪರ್ಸು, ಬೆಲ್ಟುಗಳನ್ನು ಕೈಯಲ್ಲೇ ಹೊಲಿಯುವ ಹವ್ಯಾಸಕ್ಕೆ ಮೂರು ಅನುಕೂಲಗಳು ಬೇಕು: ಹದಮಾಡಿದ ತೊಗಲು ಸಿಗುವ ಅಂಗಡಿ, ಒಣ ಹವೆ, ಸುತ್ತಿಗೆಯ ಸದ್ದಿಗೆ ತಕರಾರೆತ್ತದ ಮನೆಮಂದಿ. ಪುತ್ತೂರು, ಸುಳ್ಯ, ಕಡಬ ತಾಲೂಕುಗಳಲ್ಲಿ ಮೂರೂ ದುರ್ಲಭ. ತೊಗಲು ಪಾರ್ಸೆಲಿನಲ್ಲಿ ಬರಬೇಕು. ವರ್ಷಕ್ಕೆ ಮೂರೂವರೆ, ನಾಲ್ಕು ಸಾವಿರ ಮಿಲಿಮೀಟರ್ ಮಳೆ ಬೀಳುವ ಸೀಮೆಯಲ್ಲಿ ಹವೆ ಒಣಗಿರುವುದು ಅರ್ಧ ವರ್ಷ ಮಾತ್ರ. ಮನೆಮಂದಿಯೋ, ಮಧ್ಯಾಹ್ನ ಉಂಡ ಮೇಲೆ ಒಂದು ಗಳಿಗೆ ಅಡ್ಡಬೀಳುವವರು. ಆದರೂ ಒಂದಲ್ಲ ಒಂದು ಜಗಲಿಯಲ್ಲಿ ಈ ಹವ್ಯಾಸ ಆಗಾಗ ತಲೆಯೆತ್ತುವುದುಂಟು.

ತಲೆಯೆತ್ತಲು ಕಾರಣವೂ ಇದೆ. ಅಡಿಕೆ ಬೆಳೆಯುವ ಮನೆಯಲ್ಲಿ ಹುಟ್ಟಿದವರಿಗೆ ಇದಕ್ಕೆ ಬೇಕಾದ ಅರ್ಧ ವಿದ್ಯೆ ಕಲಿಯದೆಯೇ ಬಂದಿರುತ್ತದೆ. ಗೋಣಿಯ ಬಾಯಿ ಹೊಲಿಯುವ ದಬ್ಬಣ ಆ ಮನೆಗಳಲ್ಲಿ ಎಲ್ಲಾದರೂ ಒಂದು ಮಾಡಿಗೆ ಸಿಕ್ಕಿಸಿಕೊಂಡೇ ಇರುತ್ತದೆ. ಕತ್ತಿಗೆ ಬಾಯಿ ಕೊಡುವುದು ಗೊತ್ತು. ಅಡಿಕೆ ರಾಶಿಯ ಮುಂದೆ ಕುಳಿತು ಚಾಲಿ, ಪಟೋರ, ಉಳ್ಳಿ, ಕರಿಗೋಟು ಎಂದು ಬೇರೆ ಮಾಡಿ ಪಳಗಿದ ಕಣ್ಣಿಗೆ ತೊಗಲಿನ ದೋಷ ಹಿಡಿಯುವುದು ದೊಡ್ಡ ಮಾತಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಕ್ರಯ ಏರೀತೆಂದು ಚಾಲಿಯನ್ನು ವರ್ಷಗಟ್ಟಲೆ ಕೂಡಿಟ್ಟು ಕಾದವರಿಗೆ ಒಂದು ಚೀಲ ಮುಗಿಯುವವರೆಗೆ ಕಾಯುವುದು ಕಷ್ಟವೇ ಅಲ್ಲ.

ತೊಗಲಿನಲ್ಲಿ ಮುಖ್ಯವಾಗಿ ಎರಡು ಬಗೆ. ಮರದ ತೊಗಟೆ, ಕಾಯಿಗಳ ಚೊಗರಿನಲ್ಲಿ ವಾರಗಟ್ಟಲೆ ನೆನೆಸಿ ಹದಮಾಡಿದ್ದು ಒಂದು. ಕ್ರೋಮಿಯಂ ಲವಣದಲ್ಲಿ ಬೇಗನೆ ಹದಮಾಡಿದ್ದು ಇನ್ನೊಂದು. ಮೊದಲನೆಯದು ಹಳೆಯ ವಿದ್ಯೆ. ಆವರಿಕೆಯ ತೊಗಟೆ, ಅಳಲೆಕಾಯಿ ಈ ಕೆಲಸಕ್ಕೆ ದಕ್ಷಿಣ ಭಾರತದಲ್ಲಿ ಹೆಸರಾದವು. ಎರಡನೆಯದಕ್ಕೆ ಅಮೆರಿಕದಲ್ಲಿ ಅಗಸ್ಟಸ್ ಶುಲ್ಟ್ಸ್ 1884ರಲ್ಲಿ ಪೇಟೆಂಟ್ ಪಡೆದ. ಇಂದು ಪೇಟೆಯ ಬಹುಪಾಲು ತೊಗಲು ಇದೇ. ಕ್ರೋಮಿನದು ಮೆತ್ತಗೆ, ನೀರಿಗೆ ಅಷ್ಟಾಗಿ ಹೆದರುವುದಿಲ್ಲ. ಚೊಗರಿನದು ಗಟ್ಟಿ, ಒದ್ದೆ ಮಾಡಿ ಒತ್ತಿದರೆ ಅಚ್ಚು ಮೂಡುತ್ತದೆ, ಅಂಚು ಉಜ್ಜಿದರೆ ಮಿನುಗುತ್ತದೆ, ಬಳಸಿದಷ್ಟೂ ಬಣ್ಣ ಏರುತ್ತದೆ. ಹವ್ಯಾಸಿಯಾದವನು ಚೊಗರಿನದನ್ನೇ ಆರಿಸುತ್ತಾನೆ. ಮಳೆಗಾಲದ ಬೂಷ್ಟು ಕೂಡ ಅದನ್ನೇ ಆರಿಸುತ್ತದೆ.

ಚೊಗರಿನ ಗುಣವನ್ನು ಅಡಿಕೆಯವರಿಗೆ ವಿವರಿಸಬೇಕಾಗಿಲ್ಲ. ಎಳೆ ಅಡಿಕೆ ಕೊಯ್ದ ಕಬ್ಬಿಣದ ಕತ್ತಿಯೂ ಕೊಯ್ದ ಬೆರಳೂ ಕಪ್ಪಾಗುವುದನ್ನು ಎಲ್ಲರೂ ಕಂಡಿದ್ದಾರೆ. ಚೊಗರು ಮತ್ತು ಕಬ್ಬಿಣ ಕೂಡಿದರೆ ಮಸಿ. ಹಿಂದಿನವರು ಬರೆಯುವ ಶಾಯಿಯನ್ನು ಮಾಡುತ್ತಿದ್ದುದೂ ಹಾಗೆಯೇ. ಆದ್ದರಿಂದ ತುಕ್ಕು ಹಿಡಿದ ಸುತ್ತಿಗೆಯನ್ನು ಒದ್ದೆ ತೊಗಲಿನ ಮೇಲೆ ಅರೆಗಳಿಗೆ ಇಟ್ಟರೂ ಸಾಕು, ಕಪ್ಪು ಕಲೆ ಕಾಯಂ ಆಗುತ್ತದೆ. ಅದನ್ನು ವಿನ್ಯಾಸವೆಂದು ಹೇಳಿ ನಂಬಿಸುವುದು ಹವ್ಯಾಸದ ಒಂದು ಅಂಗ.

ತೊಗಲನ್ನು ಚದರ ಅಡಿಯ ಲೆಕ್ಕದಲ್ಲಿ ಮಾರುತ್ತಾರೆ. ತಮಿಳುನಾಡಿನ ಆಂಬೂರು, ರಾಣಿಪೇಟೆ, ಉತ್ತರದ ಕಾನ್ಪುರ, ಪೂರ್ವದ ಕೋಲ್ಕತ್ತಗಳು ಇದರ ದೊಡ್ಡ ನೆಲೆಗಳು. ಬೆಂಗಳೂರಿನ ಟ್ಯಾನರಿ ರಸ್ತೆಗೆ ಹೆಸರು ಬಂದದ್ದೇ ಈ ಉದ್ಯಮದಿಂದ. ಪರ್ಸಿಗೆ ಒಂದೂವರೆ ಮಿಲಿಮೀಟರಿನೊಳಗೆ, ಚೀಲಕ್ಕೆ ಎರಡರ ಆಸುಪಾಸು, ಬೆಲ್ಟಿಗೆ ಮೂರು ದಾಟಿದ ದಪ್ಪ ಬೇಕು. ಬೆನ್ನಿನ ಭಾಗ ಬಿಗಿ, ಹೊಟ್ಟೆಯ ಭಾಗ ಸಡಿಲ. ಹೊಟ್ಟೆಯ ತೊಗಲಿನಲ್ಲಿ ಪಟ್ಟಿ ಮಾಡಿದರೆ ಅದು ದಿನೇ ದಿನೇ ಉದ್ದವಾಗಿ, ಹೆಗಲಿನಲ್ಲಿದ್ದ ಚೀಲ ಮೊಣಕಾಲಿಗೆ ಇಳಿಯುತ್ತದೆ. ಜೊತೆಗೆ, ದನಕ್ಕೆ ತಾನು ಮುಂದೊಂದು ದಿನ ಚೀಲವಾಗುತ್ತೇನೆಂಬ ಅರಿವು ಇಲ್ಲದ್ದರಿಂದ ಚದರ ಅಡಿಗೆ ಒಪ್ಪುವ ಆಕಾರದಲ್ಲಿ ಅದು ಬೆಳೆದಿರುವುದಿಲ್ಲ. ಕಾಲು, ಕುತ್ತಿಗೆ, ಅಂಚು ಕಳೆದ ಮೇಲೆ ಉಳಿಯುವುದು ಬಿಲ್ಲಿಗಿಂತ ಕಡಿಮೆ.

ಇನ್ನು ಸಲಕರಣೆ. ಹರಿತವಾದ ಕತ್ತಿ, ಉಕ್ಕಿನ ಅಡಿಪಟ್ಟಿ, ಸಾಲಾಗಿ ತೂತು ಗುರುತಿಸುವ ಮುಳ್ಳಿನ ಉಳಿ, ಮರದ ಸುತ್ತಿಗೆ, ಮೊಂಡು ತುದಿಯ ಎರಡು ಸೂಜಿ, ಮೇಣದ ದಾರ, ಅಂಟು. ಮುಳ್ಳಿನ ಉಳಿ ಬಿಟ್ಟರೆ ಉಳಿದದ್ದಕ್ಕೆಲ್ಲ ಊರಿನಲ್ಲೇ ದಾರಿ ಉಂಟು. ಮೇಣದ ಚಿಂತೆಯಿಲ್ಲ, ಜೇನು ವ್ಯವಸಾಯಗಾರರ ಸಹಕಾರಿ ಸಂಘ ಇರುವುದೇ ಪುತ್ತೂರಿನಲ್ಲಿ. ಅಂಟಾಗಿ ರಬ್ಬರ್ ಸೊಲ್ಯೂಷನ್ ನಡೆಯುತ್ತದೆ; ಸುಳ್ಯ, ಕಡಬದ ಗುಡ್ಡಗಳ ತುಂಬ ರಬ್ಬರ್ ಮರಗಳೇ ಇದ್ದರೂ ಸೊಲ್ಯೂಷನ್ನಿನ ಟ್ಯೂಬನ್ನು ಮಾತ್ರ ಸೈಕಲ್ ಅಂಗಡಿಯಿಂದಲೇ ತರಬೇಕು. ಗ್ರೈಂಡರ್ ಬಂದ ಮೇಲೆ ಹಿತ್ತಿಲು ಸೇರಿದ್ದ ಅರೆಯುವ ಕಲ್ಲು ಮರಳಿ ಒಳಗೆ ಬರುತ್ತದೆ. ತೂತು ಹೊಡೆಯುವಾಗ ಅಡಿಗೆ ಇಡಲು ಅಷ್ಟು ಭಾರದ ಕಲ್ಲು ಬೇಕು. ಅಜ್ಜಿಗೆ ಮೊದಲು ಸಂತೋಷ, ಆಮೇಲೆ ವಿಷಯ ತಿಳಿದು ಬೇಸರ.

ಹೊಲಿಯುವಾಗ ಚೀಲವನ್ನು ಕಚ್ಚಿ ಹಿಡಿಯಲು ಮರದ ಇಕ್ಕಳವೊಂದು ಬೇಕು. ಇದು ಅಂಗಡಿಯಲ್ಲಿ ಸಿಗುವುದಿಲ್ಲ, ಆಚಾರಿಗೆ ಹೇಳಿ ಮಾಡಿಸಬೇಕು. ಎರಡು ಹಲಗೆ, ನಡುವೆ ಒಂದು ಬೋಲ್ಟು, ತೊಡೆಯಡಿಗೆ ಸಿಕ್ಕಿಸಲು ಒಂದು ಅಡ್ಡಮಣೆ ಎಂದು ವಿವರಿಸಿದಾಗ ಆಚಾರಿ ಪೆನ್ಸಿಲು ಕಿವಿಗೆ ಸಿಕ್ಕಿಸಿಕೊಂಡು, “ಹಲಸಿನ ಹಪ್ಪಳ ಒತ್ತಲಿಕ್ಕಾ?” ಎಂದು ಕೇಳುವ ಸಂಭವ ಹೆಚ್ಚು. ಹೌದು ಎಂದರೆ ಕೆಲಸ ಬೇಗ ಆಗುತ್ತದೆ.

ಕೆಲಸದ ಕ್ರಮ ಸರಳ. ಮೊದಲು ರಟ್ಟಿನಲ್ಲಿ ನಮೂನೆ, ಆಮೇಲೆ ತೊಗಲಿನಲ್ಲಿ. ಮೊದಲೇ ತೊಗಲಿಗೆ ಕತ್ತಿ ಇಟ್ಟವರಿಗೆ ಶಾಸ್ತ್ರದಲ್ಲಿ ಪರಿಹಾರವಿಲ್ಲ. ಚೀಲವೆಂದು ಹೊರಟದ್ದು ಪರ್ಸಾಗಿ, ಪರ್ಸು ಕೀಲಿಕೈಯ ಪದಕವಾಗಿ ಮುಗಿಯುತ್ತದೆ. ಕತ್ತರಿಸಿದ ತುಂಡುಗಳ ಅಂಚಿಗೆ ತೆಳುವಾಗಿ ಅಂಟು ಹಚ್ಚಿ, ಸ್ವಲ್ಪ ಆರಿದ ಮೇಲೆ ಕೂಡಿಸಬೇಕು. ನಂತರ ಅಂಚಿನಿಂದ ಮೂರು ನಾಲ್ಕು ಮಿಲಿಮೀಟರ್ ಒಳಗೆ ಗೆರೆ ಎಳೆದು ಉಳಿಯಿಟ್ಟು ತೂತು ಹೊಡೆಯಬೇಕು. ಇದು ಮಧ್ಯಾಹ್ನ ಎರಡರಿಂದ ನಾಲ್ಕರ ನಡುವೆ ನಡೆದರೆ ಮನೆಯಲ್ಲಿ ಸಂಜೆಯ ಚಹಾ ತಡವಾಗುತ್ತದೆ.

ಹೊಲಿಗೆಯೇ ಈ ಕಸುಬಿನ ಜೀವ. ಒಂದೇ ದಾರದ ಎರಡು ತುದಿಗೆ ಎರಡು ಸೂಜಿ. ಪ್ರತಿ ತೂತಿನಲ್ಲಿ ಎರಡೂ ಎದುರುಬದುರಾಗಿ ಹಾದುಹೋಗಬೇಕು. ಮೆಷಿನ್ ಹೊಲಿಗೆಯಲ್ಲಿ ಮೇಲಿನ ದಾರ ಕೆಳಗಿನದಕ್ಕೆ ಕೊಂಡಿ ಹಾಕಿಕೊಂಡಿರುತ್ತದೆ. ಒಂದು ಕಡೆ ಕಡಿದರೆ ಸಾಲು ಬಿಚ್ಚಲು ತೊಡಗುತ್ತದೆ. ಕೈಹೊಲಿಗೆಯಲ್ಲಿ ಒಂದು ಎಳೆ ಕಡಿದರೂ ಇನ್ನೊಂದು ಬಿಗಿಹಿಡಿದು ನಿಲ್ಲುತ್ತದೆ. ಕುದುರೆಯ ಜೀನು ಹೊಲಿಯುವವರು ಇದನ್ನೇ ನೆಚ್ಚಿದ್ದು ಆ ಕಾರಣಕ್ಕೆ. ಲೆಕ್ಕ ಹಾಕಿದರೆ, ನಾಲ್ಕು ಮಿಲಿಮೀಟರಿಗೊಂದರಂತೆ ಅಡಿಗೆ ಸುಮಾರು 75 ತೂತು. ಆರು ಅಡಿ ಹೊಲಿಗೆಯ ಸಣ್ಣ ಚೀಲಕ್ಕೆ 450 ತೂತು, 900 ಸಲ ಸೂಜಿ. ಒಂದೇ ಒಂದು ಕಡೆ ಸೂಜಿಗಳ ಹಿಂದುಮುಂದು ತಪ್ಪಿದರೂ ಹೊಲಿಗೆಯ ಓರೆ ಬದಲಾಗಿ ಕಣ್ಣಿಗೆ ಹೊಡೆಯುತ್ತದೆ. ಉಳಿದ 449ನ್ನು ಯಾರೂ ನೋಡುವುದಿಲ್ಲ. ಮನೆಗೆ ಬಂದ ಭಾವನ ಬೆರಳು ನೇರ ಆ ಒಂದರ ಮೇಲೆ ಹೋಗಿ ನಿಲ್ಲುತ್ತದೆ.

ಕೊನೆಯದು ಅಂಚಿನ ಕೆಲಸ. ಚೂಪು ಮೂಲೆಯನ್ನು ತೆಗೆದು, ಒರೆಸಿ, ತುಸು ನೀರು ಅಥವಾ ಅಂಟು ಹಚ್ಚಿ ಮರದ ತುಂಡಿನಿಂದ ತಿಕ್ಕಬೇಕು. ತಿಕ್ಕಿದ ಬಿಸಿಗೆ ಪದರಗಳು ಒಂದಾಗಿ ಹೊಳಪು ಬರುತ್ತದೆ. ಇಲ್ಲಿ ಬಹಳ ಮಂದಿ ತೆಂಗಿನೆಣ್ಣೆಗೆ ಕೈಹಾಕುತ್ತಾರೆ. ತಲೆಗೆ, ಕಾಲಿಗೆ, ಬಾಗಿಲ ತಿರುಗಣೆಗೆ ಆಗುವ ಎಣ್ಣೆ ತೊಗಲಿಗೆ ಯಾಕಾಗದು ಎಂಬುದು ಅವರ ವಾದ. ಆಗುತ್ತದೆ, ಹನಿಯ ಲೆಕ್ಕದಲ್ಲಿ. ಸುರಿದರೆ ತೊಗಲು ಕಪ್ಪಿಟ್ಟು, ಬಿಗಿ ಕಳೆದುಕೊಂಡು ನೇತಾಡುತ್ತದೆ.

ಮೊದಲು ಕೀಲಿಕೈಯ ಪದಕ, ಆಮೇಲೆ ಕಾರ್ಡಿಡುವ ಕವಚ, ಪರ್ಸು, ಕೊನೆಗೆ ಹೆಗಲಚೀಲ ಎಂಬುದು ಎಲ್ಲ ದೇಶಗಳಲ್ಲೂ ಇರುವ ಕ್ರಮ. ಈ ಸೀಮೆಯಲ್ಲಿ ನಡುವೆ ಒಂದು ಹೆಚ್ಚುವರಿ ವಸ್ತು ನುಗ್ಗುತ್ತದೆ: ಎಲೆಯಡಿಕೆಯ ಸಂಚಿ. ಮನೆಯ ಹಿರಿಯರು ಬಾಯಿಬಿಟ್ಟು ಕೇಳುವುದು ಇದೊಂದನ್ನೇ. ಆದರೆ ಸುಣ್ಣಕ್ಕೂ ತೊಗಲಿಗೂ ಹಳೆಯ ವೈರ. ಹದಮಾಡುವ ಮೊದಲು ಹಸಿ ಚರ್ಮದ ರೋಮ ಕಳಚಲು ಬಳಸುವುದೇ ಸುಣ್ಣವನ್ನು. ಸಂಚಿಯಲ್ಲಿ ಸುಣ್ಣದ ಡಬ್ಬಿಯ ಮುಚ್ಚಳ ಸಡಿಲಾದರೆ ಒಳಮೈ ಒಡೆದು ಹೋಗುತ್ತದೆ. ತೊಗಲು ಎಂಥದ್ದೆಂಬ ಪ್ರಶ್ನೆ ಬರುವುದು ಆಗ. ಮುಚ್ಚಳದ ಪ್ರಶ್ನೆ ಬರುವುದೇ ಇಲ್ಲ.

ಮನೆಯೊಳಗೆ ತೊಗಲಿನ ಸ್ಥಾನಮಾನ ಸೂಕ್ಷ್ಮವಾದದ್ದು. ಜಗಲಿಯವರೆಗೆ ಅಡ್ಡಿಯಿಲ್ಲ, ಊಟದ ಕೋಣೆಗೆ ಬರಬಾರದು, ದೇವರ ಕೋಣೆಯ ಮಾತೇ ಇಲ್ಲ. ಹವ್ಯಾಸಿ ತರ್ಕಕ್ಕಿಳಿಯುತ್ತಾನೆ. ದೇವಸ್ಥಾನದ ಅಂಗಳದಲ್ಲಿ ಬಡಿಯುವ ಚೆಂಡೆಗೆ ಬಿಗಿದದ್ದೇನು, ಯಕ್ಷಗಾನದ ಮದ್ದಳೆಗೆ ಮುಚ್ಚಿದ್ದೇನು, ಹಿಂದೆ ಜಪಕ್ಕೆ ಕುಳಿತುಕೊಳ್ಳುತ್ತಿದ್ದ ಕೃಷ್ಣಾಜಿನ ಯಾವುದರದು? ಅಜ್ಜಿಯ ಉತ್ತರಕ್ಕೆ ತರ್ಕಶಾಸ್ತ್ರದಲ್ಲಿ ಎದುರಿಲ್ಲ: “ಅದು ದೇವರ ಚರ್ಮ, ಇದು ಪೇಟೆಯ ಚರ್ಮ.”

ಹವ್ಯಾಸಕ್ಕೆ ಋತುಮಾನವೂ ಇದೆ. ಮೇ ಕೊನೆಯ ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಭೂತಕೋಲಗಳು ನಿಲ್ಲುತ್ತವೆ. ತೊಗಲಿನವರೂ ಅಂದೇ ಗಂಟು ಕಟ್ಟುವುದು ಕ್ಷೇಮ. ಗಾಳಿಯಲ್ಲಿ ತೇವ ಶೇಕಡ 70 ದಾಟಿತೆಂದರೆ ಬೂಷ್ಟಿಗೆ ಹಬ್ಬ, ಮಳೆ ಸುರಿಯುವ ಆಟಿ ತಿಂಗಳಲ್ಲಿ ತೇವ ಅದರ ಕೆಳಗೆ ಇಳಿಯುವುದೇ ಅಪರೂಪ. ಭದ್ರವಾಗಿರಲೆಂದು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟ ಚೀಲ ಮರುತಿಂಗಳು ಸೋಣಕ್ಕೆ ಹಸಿರು ಉಣ್ಣೆಯ ಚೀಲವಾಗಿ ಹೊರಬರುತ್ತದೆ. ಪರಿಹಾರ ಹೇಳುವವರಿಗೆ ಕೊರತೆಯಿಲ್ಲ. ಒಬ್ಬರು ಬಿಸಿಲಿಗೆ ಇಡಿ ಎನ್ನುತ್ತಾರೆ. ಬಿಸಿಲು ಎಲ್ಲಿದೆ ಎಂದು ಹೇಳುವುದಿಲ್ಲ. ಇನ್ನೊಬ್ಬರು ಒಲೆಯ ಮೇಲಿನ ಅಟ್ಟ ತೋರಿಸುತ್ತಾರೆ. ಅಲ್ಲಿ ಬೂಷ್ಟು ಬರುವುದಿಲ್ಲ ನಿಜ, ಆದರೆ ಆ ಚೀಲ ಹಾಕಿಕೊಂಡು ಬಸ್ಸು ಹತ್ತಿದರೆ ಪಕ್ಕದವರು ಹೊಗೆ ಎಲ್ಲಿಂದ ಎಂದು ಹುಡುಕುತ್ತಾರೆ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಬಿಡುವಾಗ ಚೀಲಕ್ಕೂ ಒಂದು ಕೈ ಹೊಡೆದರೇನು ಎಂದು ಕೇಳುವ ಮೂರನೆಯವರೂ ಇದ್ದಾರೆ. ಬೋರ್ಡೋದಲ್ಲಿ ಮೈಲುತುತ್ತಿನ ಜೊತೆ ಇರುವುದೂ ಸುಣ್ಣವೇ. ಸರಿಯಾದ ಕ್ರಮ ಇಷ್ಟೇ: ಒಣ ಬಟ್ಟೆಯಲ್ಲಿ ಒರೆಸಿ, ಗಾಳಿಯಾಡುವಲ್ಲಿ ತೂಗುಹಾಕಿ, ದಿನಾ ಬಳಸುವುದು. ಬಳಕೆಯಲ್ಲಿರುವ ಚೀಲಕ್ಕೆ ಬೂಷ್ಟು ಹತ್ತುವುದು ಕಡಿಮೆ.

ತೊಗಲನ್ನೇ ಬಿಟ್ಟು ಅಡಿಕೆ ಹಾಳೆಯಲ್ಲಿ ಚೀಲ ಮಾಡಬಾರದೇ ಎಂಬ ಪ್ರಶ್ನೆ ಇಲ್ಲಿ ಸಹಜ. ಅಡಿಕೆ ಮರ ವರ್ಷಕ್ಕೆ ಆರೇಳು ಹಾಳೆ ಉದುರಿಸುತ್ತದೆ. ಹುಟ್ಟಿದ ಮಗುವನ್ನು ಮೀಯಿಸುವುದು ಹಾಳೆಯಲ್ಲಿ, ತೋಟದ ಕೆಲಸದವರ ತಲೆಗೆ ಮುಟ್ಟಾಳೆ, ಈಗ ಸಮಾರಂಭದ ಊಟಕ್ಕೆ ಹಾಳೆ ತಟ್ಟೆ. ನೆದರ್ಲೆಂಡ್ಸ್‌ನ ವಿನ್ಯಾಸಕಾರ ಚೇರ್ಡ್ ಫೇನ್‌ಹೋವನ್ 2010ರ ಸುಮಾರಿಗೆ ಇದೇ ಹಾಳೆಯನ್ನು ಗ್ಲಿಸರಿನ್ ಬೆರೆತ ದ್ರಾವಣದಲ್ಲಿ ನೆನೆಸಿ ತೊಗಲಿನಂತೆ ಬಾಗುವ ಹಾಗೆ ಮಾಡಿ, ಚಪ್ಪಲಿ, ಚೀಲಗಳಿಗೆ ಒಗ್ಗಿಸಿದ. ಹಾಳೆಯನ್ನು ಮುಟ್ಟಾಳೆಗಾಗಿ ಬಾಗಿಸಿ ಹೊಲಿಯುವ ವಿದ್ಯೆ ಈ ಊರಿನಲ್ಲಿ ಮೊದಲೇ ಇತ್ತು. ಚೀಲಕ್ಕೆ ಹೊಂದಿಸುವ ಯೋಚನೆ ಮಾತ್ರ ಹಡಗು ಹತ್ತಿ ಬರಬೇಕಾಯಿತು. ಗ್ಲಿಸರಿನ್ ನೀರಿನಲ್ಲಿ ಕರಗುವ ವಸ್ತುವಾದ್ದರಿಂದ ಸುಬ್ರಹ್ಮಣ್ಯದ ಮಳೆಗೆ ಸಿಕ್ಕಿದ ಹಾಳೆಚೀಲ ತನ್ನ ಹುಟ್ಟುಗುಣಕ್ಕೆ ಮರಳುವ ಅಪಾಯವಿದೆ.

ಕೊನೆಗೆ ಕ್ರಯದ ಪ್ರಶ್ನೆ. ತೊಗಲು, ದಾರ, ಬಕಲ್, ಪಾರ್ಸೆಲ್ ವೆಚ್ಚ ಸೇರಿಸಿ, ಕೂಲಿ ಸೊನ್ನೆ ಹಿಡಿದರೂ ಕೈಹೊಲಿಗೆಯ ಚೀಲದ ಅಸಲು ಪೇಟೆಯ ರೆಕ್ಸಿನ್ ಚೀಲದ ಕ್ರಯವನ್ನು ಮೀರುತ್ತದೆ. “ಮಂಗಳೂರಿನಲ್ಲಿ ಇಂಥದ್ದೇ ಮುನ್ನೂರಕ್ಕೆ ಸಿಗ್ತದೆ ಮಾರಾಯ್ರೆ” ಎಂಬುದು ಪ್ರತಿ ಹವ್ಯಾಸಿಯೂ ಕೇಳುವ ಮಾತು. ನೆಂಟರಂತೂ ಕ್ರಯದ ಸುದ್ದಿಯನ್ನೇ ಎತ್ತದೆ, “ನೀವೇ ಮಾಡಿದ್ದಲ್ವಾ?” ಎಂದು ಹೆಗಲಿಗೇರಿಸಿ ಹೊರಡುತ್ತಾರೆ. ಅದೇ ಕೈಕೆಲಸಕ್ಕೆ ದೊಡ್ಡ ಹೆಸರು ಅಂಟಿದರೆ ಲೆಕ್ಕವೇ ಬೇರೆ. ಕೊಲ್ಹಾಪುರಿ ಚಪ್ಪಲಿಯನ್ನೇ ನೋಡಿ. ಅದರ ಭೌಗೋಳಿಕ ಸೂಚಕದಲ್ಲಿ ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಗೂ ಪಾಲಿದೆ. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಅದನ್ನೇ ಹೋಲುವ ಚಪ್ಪಲಿಯನ್ನು ಮಿಲಾನಿನ ಪ್ರದರ್ಶನದಲ್ಲಿ ಮೂಲದ ಹೆಸರೆತ್ತದೆ ತೋರಿಸಿತು. ಆಕ್ಷೇಪ ಎದ್ದ ಮೇಲೆ ಸ್ಫೂರ್ತಿ ಭಾರತದ್ದೆಂದು ಒಪ್ಪಿತು.

ಮೂಲದ ಹೆಸರೆತ್ತದಿರುವುದು ಇಟಲಿಯವರ ಹೊಸ ಚಾಳಿಯಲ್ಲ. ಹರಳಯ್ಯ, ಮಾದಾರ ಚೆನ್ನಯ್ಯರನ್ನು ಶರಣರೆಂದು ಕೈಮುಗಿಯುವ ನಾಡಿನಲ್ಲೇ ಮೆಟ್ಟು ಹೊಲಿಯುವವರನ್ನು ಅಂಗಳದಾಚೆ ನಿಲ್ಲಿಸಿ, ಚೌಕಾಸಿ ಮಾಡಿ ಮೆಟ್ಟು ಕೊಂಡದ್ದು. ತಲೆಮಾರುಗಳಿಂದ ಕೆಲವರ ಹೆಗಲಿಗೆ ಹೇರಿದ್ದ ಕೆಲಸವನ್ನು ಈಗ ಉಳಿದವರು ಬಿಡುವಿನ ವೇಳೆಯಲ್ಲಿ ಮಾಡಿ ಹವ್ಯಾಸವೆಂದು ಕರೆಯುತ್ತಿದ್ದಾರೆ. ಈ ಹವ್ಯಾಸದ ನಿಜವಾದ ಲಾಭವೂ ಅಲ್ಲೇ ಇದೆ. 900 ಸಲ ಸೂಜಿ ಎಳೆದು ಬೆರಳು ಸುಲಿದುಕೊಂಡವರಿಗೆ, ಬಸ್‌ಸ್ಟ್ಯಾಂಡಿನ ಬದಿಯಲ್ಲಿ ಕೊಡೆಯಡಿ ಕುಳಿತು ಹರಿದ ಬ್ಯಾಗಿಗೆ ಐದು ನಿಮಿಷದಲ್ಲಿ ನೇರ ಹೊಲಿಗೆ ಹಾಕಿಕೊಡುವ ಕೈ ಎಂಥದ್ದೆಂದು ತಿಳಿಯುತ್ತದೆ. ಚೀಲ ಹೊಲಿಯುವ ಉಮೇದು ಇರುವವರು ಹೊಲಿಯಲಿ. ಇಲ್ಲದವರು ಆ ಬಸ್‌ಸ್ಟ್ಯಾಂಡಿನವರು ಹೇಳಿದ ಕ್ರಯವನ್ನು ಚೌಕಾಸಿಯಿಲ್ಲದೆ ಕೊಟ್ಟರೆ ಸಾಕು; ಹವ್ಯಾಸದ ಫಲ ಅಷ್ಟರಲ್ಲೇ ಸಿಕ್ಕಂತೆ, ತೊಗಲಿನ ಖರ್ಚೂ ಉಳಿಯುತ್ತದೆ.